ಮಿಡತೆಯ ಮೂತಿಗೊಂದು ಬಟ್ಟಲು

ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸುಗಳ ಚಕ್ರಕ್ಕೆಲ್ಲ ಕಲ್ಲು ಕೊಟ್ಟಿರುತ್ತಾರೆ. ಹೊಸದಾಗಿ ಬಂದ ಡ್ರೈವರು, ನೆಲ ಮಟ್ಟಸವಾಗೇ ಇದೆಯಲ್ಲ, ಕಲ್ಲು ಯಾಕೆ ಎಂದು ನಗುತ್ತಾನೆ. ನಾವು ಯಾರೂ ಬಾಯಿ ಹಾಕುವುದಿಲ್ಲ. ಅವನು ಟೀ ಕುಡಿದು ಬರುವಷ್ಟರಲ್ಲಿ ಬಸ್ಸು ತನ್ನೂರಿನ ದಿಕ್ಕಿಗೆ ಒಂದು ಮಾರು ಸರಿದು, ಬಾಳೆಹಣ್ಣಿನ ಗಾಡಿಗೆ ಮೂತಿ ತಗುಲಿಸಿಕೊಂಡು ನಿಂತಿರುತ್ತದೆ. ಮುಂದಿನ ಸಲ ಅವನೇ ಕಲ್ಲು ಹುಡುಕುತ್ತಾನೆ.

ನಮ್ಮ ಕಡೆ ಲೋಹ ತವರನ್ನು ಮರೆಯುವುದಿಲ್ಲ. ಯಾವ ಜಾಗದಲ್ಲಿ ಮೊದಲು ಬಳಕೆಗೆ ಬಂತೋ ಆ ದಿಕ್ಕಿಗೆ ಮೆಲ್ಲಗೆ ಜಗ್ಗುತ್ತಲೇ ಇರುತ್ತದೆ. ದೂರ ಹೋದಷ್ಟೂ ಜಾಸ್ತಿ ಜಗ್ಗುತ್ತದೆ. ತವರಿಗೇ ತಂದಿಟ್ಟರೆ ತೆಪ್ಪಗಾಗುತ್ತದೆ. ಹೊಸ ಸೊಸೆ ಬಂದ ಮನೆಯಲ್ಲಿ ಪಾತ್ರೆ ಜೋಡಿಸುವ ಹಲಗೆಗೆ, ಅವಳ ಊರು ಯಾವ ಕಡೆಗಿದೆಯೋ ಆ ಕಡೆಗೊಂದು ಅಡ್ಡಪಟ್ಟಿ ಹೊಡೆಯುತ್ತಾರೆ. ಇಲ್ಲದಿದ್ದರೆ ಚೊಂಬು ದಬಾರನೆ ಕೆಳಗೆ ಬಿದ್ದು, "ನಿಮ್ಮಮ್ಮನ ಚೊಂಬು ಹೊರಟಿತು ನೋಡಮ್ಮ, ನೀನೂ ಹೊರಡ್ತೀಯೇನು?" ಎಂದು ಅತ್ತೆ ಕೊಂಕು ತೆಗೆಯುವುದು ಇದ್ದದ್ದೇ. ಮಕ್ಕಳ ಕಾಲಿಗೆ ಬೆಳ್ಳಿ ಕಡಗ ಹಾಕಿರುತ್ತೇವೆ. ಸಂತೆಯಲ್ಲಿ ತಪ್ಪಿಸಿಕೊಂಡ ಮಗು ಕಡಗ ಜಗ್ಗಿದ ಕಡೆ ಅಳುತ್ತಾ ನಡೆದು, ಹೊತ್ತು ಮುಳುಗುವುದರೊಳಗೆ ಮನೆ ಬಾಗಿಲಿಗೆ ಬಂದಿರುತ್ತದೆ.

ನಾನು ಟಿಂಕರ್ ಕೆಲಸದವನು. ಹೆಸರು ಮೌನಾಚಾರಿ, ಈ ಹೆಸರಿಟ್ಟ ನನ್ನಪ್ಪನನ್ನು ನನ್ನ ಮಾತು ಕೇಳಿ ಸಾಕಾದವರು ಇವತ್ತಿಗೂ ಬೈದುಕೊಳ್ಳುತ್ತಾರೆ. ಡೊಂಕಾದ ಮಡ್‌ಗಾರ್ಡು ಬಡಿದು ನೆಟ್ಟಗೆ ಮಾಡುವುದು, ತುಕ್ಕು ತಿಂದ ಜಾಗ ಕತ್ತರಿಸಿ ಬೇರೆ ತಗಡು ಬೆಸೆಯುವುದು ಎಲ್ಲ ಊರಿನಲ್ಲೂ ಇರುವ ಕೆಲಸವೇ. ನಮ್ಮಲ್ಲಿ ಅದರ ಜೊತೆಗೆ ಸರಿತೂಗಿಸುವುದೊಂದು ಸೇರಿಕೊಳ್ಳುತ್ತದೆ. ಯಾರಾದರೂ ತುಂಡು ತಗಡು ತಂದರೆ ನಾನು ಮೊದಲು ಕೇಳುವುದು, "ಎಲ್ಲೀದು ಇದು?" ಎಂದು. ಮೂಡಲ ಕೇರಿಯ ತಗಡನ್ನು ಒಂದು ಬಾಗಿಲಿಗೆ ಹಾಕಿದರೆ ಪಡುವಲ ಕೇರಿಯದನ್ನು ಇನ್ನೊಂದಕ್ಕೆ ಹಾಕಬೇಕು. ಹಾಗೆ ನೋಡದೆ, ಹೆಂಡದಂಗಡಿಯ ಹಳೇ ಬೋರ್ಡು ಬಡಿದು ಡಾಕ್ಟರ ಕಾರಿಗೆ ಬಾಗಿಲು ಮಾಡಿಕೊಟ್ಟ ಪುಣ್ಯಾತ್ಮನೊಬ್ಬ ಇದ್ದ. ಡಾಕ್ಟರು ಎಲ್ಲಿಗೆ ಹೊರಟರೂ ಕಾರು ಹೆಂಡದಂಗಡಿಯ ತಿರುವಿನಲ್ಲಿ ಎಡಕ್ಕೇ ಎಳೆಯುತ್ತಿತ್ತು. ಕೊನೆಗೆ ಅವರ ಹೆಂಡತಿ ಕಾರನ್ನೇ ಮಾರಿಸಿದರು.

ಸುಲಭದ ದಾರಿಯೂ ಇದೆ. ಕೆಂಪಗೆ ಕಾಯಿಸಿದರೆ ಲೋಹ ಎಲ್ಲವನ್ನೂ ಮರೆತುಬಿಡುತ್ತದೆ. ಆರಿದ ಮೇಲೆ ಎಲ್ಲಿ ಮೊದಲು ಬಳಸುತ್ತೇವೋ ಅದೇ ಅದರ ಹೊಸ ತವರು. ಆದರೆ ನಮ್ಮ ಕಸುಬಿನವರು ಯಾವ ವಸ್ತುವನ್ನೂ ಅದರ ಒಡೆಯರ ಬಾಯಿಂದ "ಹೂಂ" ಅನ್ನಿಸಿಕೊಳ್ಳದೆ ಮರೆಸುವುದಿಲ್ಲ. ಕೇಳಿದರೆ ಹೆಚ್ಚಿನವರು ಬೇಡ ಎನ್ನುತ್ತಾರೆ. ಅಜ್ಜಿ ಕಾಲದ ತೂತುಬಿದ್ದ ಬಾಣಲೆಯಾದರೂ ಸರಿ, "ಜಗ್ಗಲಿ ಬಿಡಿ ಆಚಾರ್ರೇ, ಪಾಪ" ಎಂದು ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ.

ನನ್ನ ಮಗಳು ಕಾಂಚನ ನಮಗೆ ಸಿಕ್ಕಿದ್ದು ಸಂತೆಯಲ್ಲಿ. ನನಗೂ ನನ್ನ ಹೆಂಡತಿ ನೀಲಮ್ಮನಿಗೂ ಮಕ್ಕಳಿರಲಿಲ್ಲ. ಕಡಲೆಪುರಿ ಮಾರುವವರ ಸಾಲಿನ ಕೊನೆಯಲ್ಲಿ, ಇನ್ನೂ ನೆಟ್ಟಗೆ ಮಾತು ಬಾರದ ಒಂದು ಹೆಣ್ಣು ಕೂಸು ಹಿತ್ತಾಳೆ ಬಟ್ಟಲೊಂದನ್ನು ತಬ್ಬಿಕೊಂಡು ಕೂತಿತ್ತು. ಕಾಲಿನಲ್ಲಿ ಕಡಗವಿರಲಿಲ್ಲ. ಸಂತೆ ಮುಗಿದು ಅಂಗಡಿಯವರೆಲ್ಲ ಗಂಟು ಕಟ್ಟಿದರೂ ಯಾರೂ ಹುಡುಕಿಕೊಂಡು ಬರಲಿಲ್ಲ. ನೀಲಮ್ಮ ಎತ್ತಿಕೊಂಡು ಬಂದಳು. ಅದೇ ಬಟ್ಟಲಿಗೆ ಅನ್ನ ಕಲಸಿ ಹಾಕಿ ನೆಲದ ಮೇಲಿಟ್ಟರೆ, ಬಟ್ಟಲು ಸರ್ರನೆ ಬಡಗಣ ದಿಕ್ಕಿಗೆ ಜಾರಿ ಗೋಡೆಗೆ ತಾಗಿ ನಿಂತಿತು. ಕೂಸು ಹಿಂದೆಯೇ ಅಂಬೆಗಾಲಿಟ್ಟು ಹೋಗಿ, ಎಡಗೈಯಲ್ಲಿ ಬಟ್ಟಲನ್ನು ಗಟ್ಟಿಯಾಗಿ ಹಿಡಿದು ಬಲಗೈಯಲ್ಲಿ ತಿಂದಿತು. ಅಷ್ಟು ಜೋರಾಗಿ ಜಗ್ಗುವ ಬಟ್ಟಲನ್ನು ನಾನು ಕಂಡಿರಲಿಲ್ಲ. ತವರು ಬಹಳ ದೂರವೇ ಇರಬೇಕು.

ನಾನೂ ಎಂಜಿನ್ ರಿಪೇರಿಯ ಗಫಾರನೂ ಬಟ್ಟಲು ಹಿಡಿದುಕೊಂಡು ಅದು ಎಳೆದತ್ತ ನಡೆದೆವು. ಹೊಳೆ ತುಂಬಿ ಹರಿಯುತ್ತಿತ್ತು. ನೀರಿಳಿದ ಮೇಲೆ ಮತ್ತೆ ಹೋದೆವು. ಆಚೆ ದಡದಲ್ಲಿ ದಾರಿಯೇ ಇರಲಿಲ್ಲ, ಕಣ್ಣು ಹಾಯುವಷ್ಟು ದೂರ ಮುಳ್ಳುಗಾಡು. ಬಟ್ಟಲು ಅದರ ನಡುಮಧ್ಯಕ್ಕೇ ಎಳೆಯುತ್ತಿತ್ತು. ಸುತ್ತಲ ಹಳ್ಳಿಗಳಲ್ಲಿ ವಿಚಾರಿಸಿ ವಾಪಸು ಬಂದೆವು. ಹೋಗುವಾಗ ಭಾರವಾಗಿದ್ದ ನನ್ನ ಕಾಲು ಬರುವಾಗ ಹಗುರವಾಗಿತ್ತು ಎಂದರೆ ಯಾರೂ ತಪ್ಪು ತಿಳಿಯಬೇಡಿ.

ಕಾಂಚನ ನನ್ನ ಶೆಡ್ಡಿನಲ್ಲೇ ಬೆಳೆದಳು. ಅವಳ ಬಳೆಗಿಂತ ಅವಳ ಸುತ್ತಿಗೆಯ ಸದ್ದು ನಮ್ಮ ಬೀದಿಗೆ ಹೆಚ್ಚು ಪರಿಚಯ. ಮರಳು ತುಂಬಿದ ಚೀಲದ ಮೇಲೆ ತಗಡಿಟ್ಟು ಮರದ ಕೊಡತಿಯಲ್ಲಿ ಅವಳು ಬಡಿಯಲು ಕೂತರೆ, ತಗಡು ತಾನೇ ಇಷ್ಟಪಟ್ಟು ಬಾಗಿದ ಹಾಗೆ ಬಾಗುತ್ತಿತ್ತು. ಬೆಸುಗೆಯಂತೂ ನನ್ನದಕ್ಕಿಂತ ಅವಳದೇ ನುಣುಪು. ಇದನ್ನು ನಾನು ಗಫಾರನ ಮುಂದೆ ಮಾತ್ರ ಒಪ್ಪಿಕೊಂಡಿದ್ದೇನೆ. ಒಂದು ಅಭ್ಯಾಸ ಮಾತ್ರ ಅವಳಿಗೆ ಹೋಗಲೇ ಇಲ್ಲ. ಮದುವೆ ಮನೆಯಲ್ಲಿ ಬಾಳೆಲೆಯ ಮುಂದೆ ಕೂತರೂ ಎಡಗೈಯಲ್ಲಿ ಎಲೆಯ ತುದಿ ಹಿಡಿದುಕೊಂಡೇ ಊಟ ಮಾಡುತ್ತಿದ್ದಳು. ಎಲೆ ಎಲ್ಲಿಗೂ ಹೋಗುವುದಿಲ್ಲ ಕಣೇ ಎಂದು ಜೊತೆಯವರು ನಗುತ್ತಿದ್ದರು.

ಬೆಳೆದು ದೊಡ್ಡವಳಾದ ಮೇಲೆ ಅವಳ ತಲೆಗೆ ಒಂದು ಕಾರಿನ ಹುಚ್ಚು ಹತ್ತಿತು. ಗುಜರಿಯಲ್ಲಿ ಬಿದ್ದಿದ್ದ ಹಳೇ ಜೀಪಿನ ಚಾಸಿ ಎಳೆದು ತಂದಳು. ಗಫಾರ ತನ್ನ ಶೆಡ್ಡಿನ ಮೂಲೆಯಲ್ಲಿದ್ದ ದೊಡ್ಡ ಎಂಜಿನೊಂದನ್ನು ಬಿಚ್ಚಿ ತೊಳೆದು ಕೊಟ್ಟ. ಅದು ಜೀಪಿನ ಬಾನೆಟ್ಟಿನೊಳಗೆ ಹಿಡಿಸಲಿಲ್ಲವೆಂದು ಬಾನೆಟ್ಟನ್ನೇ ಕಿತ್ತೆಸೆದು, ಎಂಜಿನ್ನು ಊರಿಗೆಲ್ಲ ಕಾಣುವ ಹಾಗೆ ಕೂರಿಸಿದಳು. ಮುಂದಿನ ಚಕ್ರ ಸಣ್ಣದು, ಹಿಂದಿನದು ದೊಡ್ಡದು. ಮೈಯನ್ನು ಅಡ್ಡಕ್ಕೆ ಸೀಳಿ, ನಡುವೆ ಒಂದು ಗೇಣು ತೆಗೆದು, ಮತ್ತೆ ಬೆಸೆದು ಕುಳ್ಳಗೆ ಮಾಡಿದಳು. ಎರಡೂ ಪಕ್ಕದ ತಗಡಿಗೆ ಮೀನಿನ ಕಿವಿರಿನಂಥ ಸೀಳುಗಳನ್ನು ಎಬ್ಬಿಸಿದಳು, ಬಿಸಿ ಹೊರಗೆ ಹೋಗಲಿ ಎಂದು. ಸೈಲೆನ್ಸರ್ ಪೈಪುಗಳು ಒಂದೊಂದು ಪಕ್ಕಕ್ಕೆ ಬಳುಕಿ ಹಿಂದಕ್ಕೆ ಹರಿದವು.

ಗಫಾರ ಗಾಡಿಗೆ ಒಂದು ಸುತ್ತು ಬಂದು, "ಇದೇನವ್ವ, ಕುಂಡಿ ಮೇಲೆತ್ಕೊಂಡು ಮಿಡತೆ ಕೂತಂಗೆ ಕೂತೈತೆ!" ಎಂದ. ಅಂದಿನಿಂದ ಅದರ ಹೆಸರು ಮಿಡತೆಯೇ ಆಯಿತು.

ಊರಿನವರು ನೋಡಲು ಬಂದರು, ಬಂದವರು ಬರಿಗೈಯಲ್ಲಿ ಬರಲಿಲ್ಲ. ಒಬ್ಬರು ಮುರಿದ ಟ್ರಂಕಿನ ಮುಚ್ಚಳ ತಂದರು, ಒಬ್ಬರು ಹಿಟ್ಟಿನ ಡಬ್ಬ. ನೀಲಮ್ಮ ತನ್ನ ತವರಿನ ಹಂಡೆಯನ್ನೇ ಕೊಟ್ಟಳು. ಅದು ಸುತ್ತಿಗೆಯ ಏಟು ತಿಂದು ಡ್ರೈವರ್ ಸೀಟಿನ ಬೆನ್ನಾಯಿತು. "ನಮ್ಮಮ್ಮನ ಮನೆ ಕಡೆ ಜಗ್ಗಿದ್ರೆ ಒಂದ್ಸಲ ಹೋಗಿ ಮಾತಾಡಿಸ್ಕೊಂಡ್ ಬಾ" ಎಂದು ನಕ್ಕಳು. ಶೆಡ್ಡಿನ ತುಂಬ ನಗು, ಗ್ರೈಂಡರಿನ ಕಿಡಿ, ಟೀ ಲೋಟಗಳು. ನನಗೆ ಅಷ್ಟು ಸಂತೋಷದ ದಿನಗಳು ಬೇರೆ ನೆನಪಿಲ್ಲ.

ಒಂದು ಬೆಳಿಗ್ಗೆ ಕಾಂಚನ ಆ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತಿದ್ದಳು.

"ಅಪ್ಪಾ, ಇದನ್ನ ಮಿಡತೆ ಮೂತಿಗೆ ಕೂರಿಸ್ತೀನಿ. ರೇಡಿಯೇಟರ್ ಮೇಲೆ, ಸುತ್ತ ಪಟ್ಟಿ ಕೊಟ್ಟು ಮೂರು ಬೋಲ್ಟ್ ಹಾಕಿ. ತೂತು ಕೊರೆಯಲ್ಲ, ಬಡಿಯಲ್ಲ, ಕಾಯಿಸಲ್ಲ. ಹೆಂಗಿದ್ಯೋ ಹಂಗೆ."

"ಚೆಂದಕ್ಕಾ?" ಎಂದೆ. ಗೊತ್ತಿದ್ದೂ ಕೇಳಿದೆ.

"ಹೊಳೆಗೆ ಈಗ ಸೇತುವೆ ಬಂದೈತೆ. ಆಚೆ ರಸ್ತೆನೂ ಆಗೈತಂತೆ. ಎಲ್ಲಿಗೆ ಜಗ್ಗುತ್ತೋ ನೋಡ್ಕೊಂಡ್ ಬರ್ತೀನಿ."

"ಬಸ್ಸಲ್ಲಿ ಹೋದ್ರಾಯ್ತವ್ವ. ಬಟ್ಟಲನ್ನ ಕೈಯಲ್ಲಿ ಹಿಡ್ಕೊಂಡ್ರೆ ಗೊತ್ತಾಗಲ್ವಾ?"

ಅವಳು ತಿಕ್ಕುವುದನ್ನು ನಿಲ್ಲಿಸಿದಳು. "ಹಿಡ್ಕೊಂಡ್ ನೋಡಿದೀನಪ್ಪ, ಎಷ್ಟೋ ಸಲ. ಬಟ್ಟಲು ಜಗ್ತಾ ಐತೋ, ನನ್ನ ಕೈಯೇ ಆ ಕಡೆ ಹೋಗ್ತಾ ಐತೋ ಗೊತ್ತಾಗಲ್ಲ. ಗಾಡಿ ಆದ್ರೆ ಸುಳ್ಳು ಹೇಳಲ್ಲ. ಮಿಕ್ಕಿದ್ದ ತಗಡನ್ನೆಲ್ಲ ನೀನು ಸರಿತೂಗಿಸ್ಕೊಡು. ಒಂದು ಸಾಸಿವೆಯಷ್ಟೂ ಆಚೀಚೆ ಜಗ್ಬಾರ್ದು. ಬಟ್ಟಲೊಂದೇ ಜಗ್ಬೇಕು. ನಿನ್ನ ಬಿಟ್ರೆ ಅದು ಯಾರಿಗೂ ಬರಲ್ಲ."

ಮಗಳು ನನ್ನ ಕೈಚಳಕವನ್ನು ಅಷ್ಟು ಬಾಯ್ತುಂಬ ಹೊಗಳಿದ್ದು ಅದೇ ಮೊದಲು, ಅದೂ ನಮ್ಮಿಂದ ದೂರ ಹೋಗುವ ದಾರಿ ತೋರಿಸಿಕೊಡು ಎಂದು ಕೇಳುವುದಕ್ಕೆ. ಅಲ್ಲಿ ಯಾರಾದರೂ ಇದ್ದರೆ? ಹೆತ್ತವಳು ಬಾಗಿಲಲ್ಲೇ ಕಾಯುತ್ತಾ ಕೂತಿದ್ದರೆ? ಕಾಂಚನ ಅಲ್ಲಿಯೇ ನಿಂತುಬಿಟ್ಟರೆ ನಾನು ಒಬ್ಬನೇ ಯಾವ ಗಾಡಿಯಲ್ಲಿ ಬರಲಿ? ಇಷ್ಟೆಲ್ಲ ತಲೆಯಲ್ಲಿ ಓಡಿತು. ಬಾಯಿಂದ ಬಂದದ್ದು "ಆಗ್ಲಿ ಬಿಡವ್ವ" ಎಂಬ ಮಾತು ಮಾತ್ರ.

ಕೆಲಸವನ್ನೇನೋ ಶುರು ಮಾಡಿದೆ. ಒಂದು ಮಧ್ಯಾಹ್ನ ಕಾಂಚನ ಪೇಂಟು ತರಲು ಪೇಟೆಗೆ ಹೋಗಿದ್ದಳು. ಬಟ್ಟಲು ಬೆಂಚಿನ ಮೇಲೆ, ಜಾರದಿರಲಿ ಎಂದು ಒರಳುಗಲ್ಲಿನ ಹಿಂದೆ ಇತ್ತು. ಇಕ್ಕಳದಲ್ಲಿ ಎತ್ತಿದೆ. ಇನ್ನೊಂದು ಕೈಯಲ್ಲಿ ಬ್ಲೋ ಲ್ಯಾಂಪು ಹತ್ತಿಸಿದೆ. ಹಿತ್ತಾಳೆ ಕೆಂಪಾಗಲು ಎಷ್ಟು ಹೊತ್ತು? ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತೂ ಬೇಡ. ಆಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಿಡತೆ ಊರೊಳಗೇ ಗಿರಕಿ ಹೊಡೆದುಕೊಂಡು ಇರುತ್ತದೆ.

"ಯಾರು ಹೂಂ ಅಂದ್ರು?"

ನೀಲಮ್ಮ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. ನಾನು ಲ್ಯಾಂಪು ಆರಿಸಿದೆ.

"ಅವಳು ಹೋಗ್ಬಿಟ್ರೆ ಏನ್ ಮಾಡ್ತೀಯೇ ನೀಲಾ?"

"ಅಳ್ತೀನಿ" ಎಂದಳು. ಡಬ್ಬಿ ಕೆಳಗಿಟ್ಟು, ನನ್ನ ಇಕ್ಕಳದಿಂದ ಬಟ್ಟಲು ಬಿಡಿಸಿಕೊಂಡು ಸೆರಗಿನಲ್ಲಿ ಒರೆಸಿದಳು. "ನಂಗೇನು ಹೊಟ್ಟೆ ಉರಿಯಲ್ಲ ಅಂದ್ಕೊಂಡ್ರಾ? ಇಷ್ಟು ವರ್ಷ ಈ ಬಟ್ಟಲನ್ನ ತೊಳೆದಿಟ್ಟಿದ್ದು ನಾನು. ಒಂದೊಂದ್ಸಲ ಒಲೆಗೇ ಹಾಕ್ಬಿಡ್ಲಾ ಅನ್ಸೋದು. ಆದ್ರೆ ಅದು ನಮ್ದಲ್ಲ ಕಣ್ರೀ. ಬನ್ನಿ, ಊಟ ಮಾಡಿ, ಮಗಳು ಹೇಳಿದ ಕೆಲ್ಸ ನೆಟ್ಟಗೆ ಮಾಡಿ."

ಮಾಡಿದೆ. ಅಷ್ಟು ನಿಯತ್ತಿನ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿಲ್ಲ. ಒಂದೊಂದು ತಗಡಿನ ಮನೆಯನ್ನೂ ಕೇಳಿ ತಿಳಿದುಕೊಂಡು ಅದಕ್ಕೆದುರಾಗಿ ಇನ್ನೊಂದನ್ನು ಹೊಂದಿಸಿದೆ. ನೀಲಮ್ಮನ ಹಂಡೆಗೆ ಎದುರಾಗಿ ಅವಳೂರಿಗೆ ವಿರುದ್ಧ ದಿಕ್ಕಿನ ಹಳ್ಳಿಯೊಂದರಿಂದ ನೇಗಿಲಿನ ಕುಳ ತರಿಸಿ ಸೀಟಿನಡಿಗೆ ಹಾಕಿದೆ. ಕೊನೆಗೆ ಅಂಗಳದಲ್ಲಿ ಭಾರ ಎತ್ತುವ ಚೈನ್ ಬ್ಲಾಕಿಗೆ ಮಿಡತೆಯನ್ನು ತೂಗುಹಾಕಿದೆವು. ಯಾವ ಕಡೆ ತಿರುಗಿಸಿ ಬಿಟ್ಟರೂ ಅಲ್ಲಾಡದೆ ನಿಂತಿತು. ಕಾಂಚನ ಏಣಿ ಹತ್ತಿ ಮೂತಿಗೆ ಬಟ್ಟಲು ಬಿಗಿದಳು. ಗಾಡಿ ಒಂದು ಗಳಿಗೆ ಯೋಚಿಸಿದಂತೆ ಸುಮ್ಮನಿದ್ದು, ಆಮೇಲೆ ಬಹಳ ಮೆಲ್ಲಗೆ ತಿರುಗಿ, ಬಡಗಣಕ್ಕೆ ಮುಖ ಮಾಡಿ ನಿಂತುಕೊಂಡಿತು. ನೋಡಲು ಬಂದವರು ಚಪ್ಪಾಳೆ ಹೊಡೆದರು. ನೀಲಮ್ಮ ಒಳಗೆ ಹೋದಳು.

ಹೊರಡುವ ದಿನ ಕಾಂಚನ, "ನೀನೂ ಬಾ ಅಪ್ಪಾ" ಎಂದಳು. ಗಾಡಿಗಿದ್ದದ್ದು ಎರಡೇ ಸೀಟು. ನೀಲಮ್ಮ ಕಡಲೆಪುರಿಗೆ ಈರುಳ್ಳಿ, ಕಾಯಿತುರಿ ಹಾಕಿ ಕಲಸಿ ಡಬ್ಬಿಗೆ ತುಂಬಿ ನನ್ನ ತೊಡೆಯ ಮೇಲಿಟ್ಟಳು. ಮಗಳ ಕೆನ್ನೆ ಸವರಿ, "ಹೊತ್ತಾದ್ರೂ ಪರವಾಗಿಲ್ಲ, ನಿಧಾನಕ್ಕೆ ಓಡ್ಸು" ಎಂದಳು. ವಾಪಸು ಬಾ ಎಂದು ಮಾತ್ರ ಹೇಳಲಿಲ್ಲ. ಹೇಳಿದರೆ ಮಗಳ ಕೈ ಕಟ್ಟಿಹಾಕಿದಂತಾಗುತ್ತದೆ ಎಂದಿರಬೇಕು.

ಮಿಡತೆಯ ಸದ್ದಿಗೆ ದಾರಿಯ ದನಗಳೆಲ್ಲ ಬಾಲ ಎತ್ತಿ ಓಡಿದವು. ಸೇತುವೆ ದಾಟಿದ ಮೇಲೆ ರಸ್ತೆ ಕವಲೊಡೆದಾಗಲೆಲ್ಲ ಕಾಂಚನ ಸ್ಟೇರಿಂಗಿನಿಂದ ಕೈ ಸಡಿಲಿಸುತ್ತಿದ್ದಳು. ಗಾಡಿ ತಾನೇ ದಾರಿ ಆರಿಸಿಕೊಳ್ಳುತ್ತಿತ್ತು. ಹಿಂದೆ ಮುಳ್ಳುಗಾಡಾಗಿದ್ದ ಕಡೆ ಈಗ ಕಬ್ಬಿನ ಗದ್ದೆಗಳಿದ್ದವು, ಪಕ್ಕದಲ್ಲೇ ಕಾಲುವೆ ಹರಿಯುತ್ತಿತ್ತು. ಬಹಳ ದೂರ ಹೋದ ಮೇಲೆ ಅವಳು, "ಅಪ್ಪಾ, ಗಾಡಿ ಯಾಕೋ ಭಾರ ಆಗ್ತಾ ಐತೆ. ಮುಂದಕ್ಕೇ ಹೋಗಲ್ಲ ಅಂತೈತೆ" ಎಂದಳು. ಹತ್ತಿರ ಬಂದಷ್ಟೂ ಬಟ್ಟಲಿನ ಜಗ್ಗು ಕಡಿಮೆಯಾಗುತ್ತದಲ್ಲ, ಅದಕ್ಕೇ ಎಂದೆ.

ಕಾಲುವೆಯ ಏರಿಯ ಪಕ್ಕ ಒಂದು ಬಯಲಿಗೆ ಬಂದಾಗ ಬಟ್ಟಲು ಜಗ್ಗುವುದನ್ನು ನಿಲ್ಲಿಸಿತು. ಅಲ್ಲಿ ಮನೆ ಇರಲಿಲ್ಲ. ಬಾಗಿಲಿರಲಿಲ್ಲ. ಒಂದು ಹೊಂಗೆ ಮರ, ಅದರಡಿ ಒಬ್ಬ ಮುದುಕಿಯ ಟೀ ಗಾಡಿ, ಬಯಲಿನ ತುಂಬ ಅಲ್ಲಲ್ಲಿ ಮಸಿ ಹಿಡಿದ ಒಲೆಗಲ್ಲುಗಳು. ಕಾಂಚನ ಎಂಜಿನ್ ಆರಿಸಿ ಕೆಳಗಿಳಿದಳು.

"ಇಲ್ಲಿ ಯಾರಿದ್ರು ಅಜ್ಜಿ?"

"ಕಾಲುವೆ ಅಗೆಯೋರು ಕಣವ್ವ. ಎಲ್ಲೆಲ್ಲಿಂದಲೋ ಬಂದಿದ್ರು, ಗುಡಿಸ್ಲು ಹಾಕ್ಕಂಡು. ಮಕ್ಳು ಮರಿ ಎಲ್ಲಾ ಇಲ್ಲೇ ಹುಟ್ಟಿ ಆಡ್ಕಂಡಿದ್ವು. ಕೆಲ್ಸ ಮುಗೀತು, ಹೊಂಟೋದ್ರು."

"ಎಲ್ಲಿಗೆ?"

"ಇನ್ನೊಂದು ಕಾಲುವೆಗೆ. ಅವ್ರಿಗೇ ಗೊತ್ತಿತ್ತೋ ಇಲ್ವೋ."

ಕಾಂಚನ ಗಾಡಿಯ ಹತ್ತಿರ ಬಂದು ಪಾನಾ ತೆಗೆದುಕೊಂಡು ಮೂರು ಬೋಲ್ಟು ಬಿಚ್ಚಿದಳು. ಬಟ್ಟಲು ಹಿಡಿದು ಒಲೆಗಲ್ಲುಗಳ ನಡುವೆ ನಡೆದಳು. ಒಂದು ಜಾಗದಲ್ಲಿ ನಿಂತು, ಕುಕ್ಕರುಗಾಲಿನಲ್ಲಿ ಕೂತು, ಅದನ್ನು ನೆಲದ ಮೇಲಿಟ್ಟಳು. ನಾನು ಡಬ್ಬಿ ತೆಗೆದು ಅದಕ್ಕೆ ಪುರಿ ಸುರಿದೆ. ಅಭ್ಯಾಸದಂತೆ ಎಡಗೈಯಿಂದ ಬಟ್ಟಲನ್ನು ಒತ್ತಿಹಿಡಿದು ತಿನ್ನತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಒಂದೊಂದೇ ಬೆರಳು ತೆಗೆದಳು. ಬಟ್ಟಲು ಅಲ್ಲಾಡಲಿಲ್ಲ. ಆ ಎಡಗೈಯನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಮಡಿಲಲ್ಲಿಟ್ಟುಕೊಂಡು ಅಳುತ್ತಾ ತಿಂದಳು. ನಾನೂ ಅತ್ತೆ. ಟೀ ಮುದುಕಿ ಎರಡು ಟೀ ತಂದಿಟ್ಟಳು.

ಖಾಲಿ ಬಟ್ಟಲನ್ನು ಕಾಂಚನ ನನ್ನ ಕಡೆ ಚಾಚಿದಳು. "ಬ್ಲೋ ಲ್ಯಾಂಪ್ ಗಾಡಿಯಲ್ಲೈತಲ್ಲ? ಒಡತಿ ನಾನೇ, ಹೂಂ ಅಂತಿದೀನಿ. ಕಾಯಿಸಿ ಮರೆಸ್ಬಿಡಪ್ಪ. ಇಲ್ಯಾರೂ ಇಲ್ಲ. ನಮ್ಮನೇಲಿ ಅನ್ನ ಹಾಕ್ಕೊಂಡು ಉಣ್ತೀನಿ, ನಮ್ಮನೇದೇ ಆಗ್ಲಿ."

ಆ ಮಧ್ಯಾಹ್ನ ನಾನು ಯಾವುದಕ್ಕಾಗಿ ಲ್ಯಾಂಪು ಹತ್ತಿಸಿದ್ದೆನೋ ಅದು ಈಗ ಅವಳ ಬಾಯಿಂದಲೇ ಬಂದಿತ್ತು. ಬಟ್ಟಲನ್ನು ಕೈಗೆ ತೆಗೆದುಕೊಂಡೆ. ಅಂಚಿನಲ್ಲಿ ಸಣ್ಣ ಹಲ್ಲಿನ ಗುರುತುಗಳಿದ್ದವು, ಹಲ್ಲು ಬರುವಾಗ ಮಕ್ಕಳು ಕಚ್ಚುತ್ತವಲ್ಲ ಹಾಗೆ.

"ಇಲ್ಲ ಕಣವ್ವ" ಎಂದೆ. "ಯಾರೋ ಇಲ್ಲಿ ಕೂತು, ನಿನ್ನನ್ನ ತೊಡೆ ಮೇಲೆ ಹಾಕ್ಕೊಂಡು, ಇದ್ರಲ್ಲಿ ಅನ್ನ ಹಿಸುಕಿ ನಿನ್ನ ಬಾಯಿಗಿಟ್ಟವ್ರೆ. ನಾವು ನಿನ್ನ ಕಾಣೋಕೆ ಮುಂಚೆ ನಿನ್ನ ಸಾಕಿದೋರು ಅವ್ರು. ಇದನ್ನ ಮರೆಸೋಕೆ ನನ್ನ ಕೈಲಾಗಲ್ಲ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುದುಕಿ, "ಅಯ್ಯೋ, ನಿಮ್ ಗಾಡಿ!" ಎಂದು ಕೂಗಿದಳು. ಅಳುವಿನ ಗಡಿಬಿಡಿಯಲ್ಲಿ ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೆತಿದ್ದೆವು. ಮಿಡತೆ ಆ ಮಟ್ಟಸ ಬಯಲಿನಲ್ಲಿ ತನ್ನಷ್ಟಕ್ಕೆ ತಾನೇ ಹಿಂದು ಹಿಂದಕ್ಕೆ ಉರುಳಿಕೊಂಡು, ಬಂದ ದಾರಿ ಹಿಡಿದು ಹೊರಟಿತ್ತು. ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಕಾಂಚನ ಹಾರಿ ಬ್ರೇಕು ಒತ್ತಿದಳು.

"ಸಾಸಿವೆಯಷ್ಟೂ ಜಗ್ಬಾರ್ದು ಅಂದಿದ್ನಲ್ಲಪ್ಪ!" ಎಂದು ಏದುಸಿರು ಬಿಡುತ್ತಾ ನನ್ನನ್ನು ದಬಾಯಿಸಿದಳು. "ಏನ್ ಸರಿತೂಗಿಸಿದೀಯ? ಇದು ನಮ್ಮೂರ ಕಡೇನೇ ಎಳೀತೈತೆ!"

ನನಗೆ ನಾಚಿಕೆಯಾಯಿತು. ಯಾವ ತಗಡು ಮೋಸ ಮಾಡಿತು ಎಂದು ಗಾಡಿಯ ಸುತ್ತ ಕೈಯಾಡಿಸಿದೆ. ಟ್ರಂಕಿನ ಮುಚ್ಚಳ, ಹಿಟ್ಟಿನ ಡಬ್ಬ, ಹಂಡೆ, ಕುಳ, ಎಲ್ಲ ಒಂದಕ್ಕೊಂದು ಎದುರಾಗಿ ಸರಿಯಾಗೇ ಇದ್ದವು. ಆಮೇಲೆ ಬೆರಳು ಒಂದು ಬೆಸುಗೆಯ ಗೆರೆಗೆ ತಾಗಿತು. ನನ್ನ ಹಣೆ ನಾನೇ ಚಚ್ಚಿಕೊಂಡೆ. ತಗಡು ಕಾಯುವುದು, ಕರಗುವುದು ಬೆಸುಗೆಯಲ್ಲಿ. ಹಳೆಯದನ್ನೆಲ್ಲ ಮರೆತು ಅದು ಮತ್ತೆ ಹುಟ್ಟಿದ್ದು ನಮ್ಮ ಅಂಗಳದಲ್ಲಿ. ನಾನು ತೂಗಿ ನೋಡಿದ್ದೂ ಅದೇ ಅಂಗಳದಲ್ಲಿ. ತವರಿನಲ್ಲಿ ಇರುವಷ್ಟು ಹೊತ್ತು ಅದು ಯಾಕೆ ಜಗ್ಗೀತು? ನಮ್ಮೂರಿನ ಗಾಡಿಗಳು ಊರು ಸುತ್ತುವಷ್ಟೇ ಓಡುತ್ತವೆ. ಬೆಸುಗೆಯನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ನಮ್ಮಪ್ಪನೂ ಹೇಳಿಕೊಟ್ಟಿರಲಿಲ್ಲ.

"ತಗಡಲ್ಲ ಕಣವ್ವ. ಬೆಸುಗೆ ಜಗ್ತಾ ಇರೋದು" ಎಂದೆ.

ಕಾಂಚನ ಬಗ್ಗಿ ಕಿವಿರಿನ ಕೆಳಗಿನ ಗೆರೆಯನ್ನು ಹೆಬ್ಬೆರಳಲ್ಲಿ ಸವರಿದಳು, ಬಾಗಿಲಿನ ಅಂಚು, ಸೀಟಿನ ಬೆನ್ನು, ಅಡ್ಡಕ್ಕೆ ಸೀಳಿ ಕೂಡಿಸಿದ ಉದ್ದ ಗೆರೆ.

"ಬೆಸುಗೆ ಎಲ್ಲಾ ನಾನೇ ಹಾಕಿದ್ದು" ಎಂದಳು ಮೆಲ್ಲಗೆ.

"ಹೂಂ. ಎಲ್ಲಾ ನೀನೇ ಹಾಕಿದ್ದು."

ಅವಳು ಕಣ್ಣೀರು ಒರೆಸಿಕೊಳ್ಳದೆಯೇ ನಕ್ಕಳು. ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಮೂತಿಗೆ ಬಿಗಿದು, "ಹತ್ತಪ್ಪ, ಅಮ್ಮ ಕಾಯ್ತಿರ್ತಾಳೆ" ಎಂದಳು.

ನಾವು ಬಂದಾಗ ನೀಲಮ್ಮ ಬಾಗಿಲಲ್ಲೇ ಇದ್ದಳು. ಮಗಳನ್ನು ನೋಡಿ, "ಕೈಕಾಲು ತೊಳ್ಕೊಳ್ಳಿ, ಸಾರು ಆರಿಹೋಗುತ್ತೆ" ಎಂದು ಒಳಗೆ ಓಡಿದಳು. ಕಾಂಚನ ಬಟ್ಟಲು ಬಿಚ್ಚಿ ತಂದು ತೊಳೆದು ಕೊಟ್ಟಳು. ನೀಲಮ್ಮ ಅನ್ನ ಹಾಕಿ ನೆಲದ ಮೇಲಿಟ್ಟಳು. ಬಟ್ಟಲು ಸರ್ರನೆ ಬಡಗಣಕ್ಕೆ ಹೊರಟಿತು. ಕಾಂಚನ ಎಡಗೈ ಚಾಚಿ ಹಿಡಿದುಕೊಂಡು, "ಇನ್ನೊಂದು ಸೌಟು ಹಾಕಮ್ಮ" ಎಂದಳು.